ಬಿಸಿಲಿಗೆ ಕರಗದ ಡಿಮ್ಯಾಂಡ್ ಚಾರ್ಜ್
ಯಶವಂತಪುರದ ಕೈಗಾರಿಕಾ ಶೆಡ್ಡುಗಳ ಮೇಲೆ ಸೋಲಾರ್ ಫಲಕ ಕಂಡರೆ ಖುಷಿಯಾಗುತ್ತದೆ. ಭಾನುವಾರ ಯಂತ್ರಗಳು ನಿಂತಾಗ ಉಳಿದ ವಿದ್ಯುತ್ತು ಬೆಸ್ಕಾಂ ತಂತಿಗೆ ಹರಿಯುತ್ತದೆ. ನೆಟ್ ಮೀಟರಿಂಗ್ ಇದ್ದರೆ ಬಳಸಿದ ಯೂನಿಟ್ಟಿನಲ್ಲಿ ಅಷ್ಟು ವಜಾ. ಆದರೆ ಅದೇ ಬಿಲ್ಲಿನಲ್ಲಿರುವ ಡಿಮ್ಯಾಂಡ್ ಚಾರ್ಜಿನ ಲೆಕ್ಕವೇ ಬೇರೆ. ಅದು ನೋಡುವುದು ಒಮ್ಮೆಗೇ ಎಷ್ಟು ಕೆವಿಎ ಎಳೆದಿರಿ ಎಂಬುದನ್ನು. ಮೋಡ ಮುಸುಕಿದ ಬೆಳಿಗ್ಗೆ ಕಂಪ್ರೆಸರ್, ಕುಲುಮೆ, ಲೇತ್ ಒಟ್ಟಿಗೆ ಚಾಲೂ ಆದರೆ, ಆ ಕೆಲವೇ ನಿಮಿಷಗಳ ಗರಿಷ್ಠ ಬೇಡಿಕೆ ಇಡೀ ತಿಂಗಳ ಬಿಲ್ಲಿಗೆ ಬರುತ್ತದೆ. ಬಳಕೆ ತಗ್ಗಿದರೂ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರು ಒಪ್ಪಂದದ ಬೇಡಿಕೆಯ ದೊಡ್ಡ ಪಾಲಿಗೆ ಶುಲ್ಕ ತೆರಲೇಬೇಕು. ಫಲಕ ಮಾರುವವರು ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಸಣ್ಣ ಉದ್ಯಮಿಗಳೇ, ಸೋಲಾರ್‌ಗೆಂದು ಸಾಲ ಮಾಡುವ ಮುನ್ನ 12 ತಿಂಗಳ ಬಿಲ್ಲು ಮುಂದೆ ಹರಡಿಕೊಂಡು ಗರಿಷ್ಠ ಬೇಡಿಕೆಯ ಸಾಲನ್ನು ಒಮ್ಮೆ ಓದಿ.