ಹೊಸ ಕಾರು, ಅಪ್ಪನ ಯೆಜ್ಡಿ ಮತ್ತು ಪ್ಲಾಸ್ಟಿಕ್ ಕವರು

ಬರೆಯದೆ ಬಹಳ ದಿನ ಆಗಿತ್ತು. "ಏನ್ರೀ, ಬ್ಲಾಗಿಗೆ ಬೀಗ ಹಾಕಿಬಿಟ್ರಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದ್ರು. ಬೀಗ ಹಾಕಿಲ್ಲ ಸ್ವಾಮಿ. ಕಾರು ತಗೊಂಡೆ, ಅದನ್ನ ಕಾಯ್ಕೊಂಡು ಕೂತಿದ್ದೆ :-)

ಕಾರು ಅಂದ್ರೆ ಮಜ್ದಾ ಎಂಎಕ್ಸ್-5. ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಮಿಯಾಟ ಅಂತಾರೆ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಸಲ ಕಾಣಿಸಿಕೊಂಡ ಗಾಡಿ. ಎರಡೇ ಸೀಟು, ಮಡಚೋ ಬಟ್ಟೆಯ ಟಾಪು, ಕೈಯಲ್ಲಿ ಹಾಕೋ ಆರು ಗೇರು, 2 ಲೀಟರ್ ಇಂಜಿನ್, 181 ಹಾರ್ಸ್‌ಪವರ್. ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗ್ ಇಟ್ರೆ ಮುಗೀತು. ಇಂಡಿಯನ್ ಸ್ಟೋರಿನಿಂದ ತಂದ ಅಕ್ಕಿ ಮೂಟೆ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕ್ಕೊಂಡು ಕೂರಬೇಕು. ಫೆರಾರಿಯವರ ಮುಂದೆ ಇದು ಆಟಿಕೆ ಸಾಮಾನು. ಆದ್ರೆ ಇಂಜಿನಿಯರಿಂಗ್ ಹಾಸ್ಟೆಲ್ಲಿನ ಗೋಡೆ ಮೇಲೆ ನಾನು ಅಂಟಿಸಿಕೊಂಡಿದ್ದ ಚಿತ್ರ ಇದೇ ಕಾರಿನದು. ಬಣ್ಣ ಕೆಂಪು.

ಡೆಲಿವರಿ ದಿನವೇ ರಾಮಾಯಣ ಶುರು. ಸೈನ್ ಹಾಕಿಸ್ಕೊಳ್ಳೋ ರೂಮಿನಲ್ಲಿದ್ದ ಮಹಾಶಯ "ಪೇಂಟ್ ಮತ್ತು ಫ್ಯಾಬ್ರಿಕ್ ಪ್ರೊಟೆಕ್ಷನ್ ಪ್ಯಾಕೇಜು, ಬರೀ 1,200 ಡಾಲರ್" ಅಂದ. ಏನು ಹಚ್ತೀರಪ್ಪಾ ಅಂದೆ. ಬ್ರೋಷರ್ ತಿರುಗಿಸಿ ತೋರಿಸಿದ. ಅದರಲ್ಲಿ ಹೊಳೆಯೋ ಕಾರಿನ ಫೋಟೋ ಇತ್ತೇ ಹೊರತು ಹಚ್ಚೋದು ಏನು ಅಂತ ಇರ್ಲಿಲ್ಲ. ಬೇಡ ಅಂದೆ. ಮಗುವಿಗೆ ಪೋಲಿಯೋ ಹನಿ ಹಾಕಿಸಲ್ಲ ಅಂದವನನ್ನ ನೋಡೋ ಹಾಗೆ ನೋಡಿದ. ಹೊರಗೆ ಬಂದ್ರೆ, ಮುಂದಿನ ನಂಬರ್ ಪ್ಲೇಟಿಗೆ ತೂತು ಹೊಡೀಬೇಡಿ ಅಂತ ಮೂರು ಸಲ ಹೇಳಿದ್ದರೂ ಬಂಪರಿಗೆ ಎರಡು ತೂತು ಬಿದ್ದಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮುಂದೆ ಪ್ಲೇಟು ಕಡ್ಡಾಯ, ನಿಜ. ಆದ್ರೆ ಬಂಪರನ್ನೇ ಕೊರೀಬೇಕು ಅಂತ ಕಾನೂನು ಹೇಳಲ್ಲ. ಗಾಡಿ ಎಳೆಯೋ ಕೊಕ್ಕೆ ಹಾಕೋ ಜಾಗದಲ್ಲಿ ತಿರುಪಿ ಕೂರಿಸೋ ಬ್ರಾಕೆಟ್ ಸಿಗುತ್ತೆ.

ಆ ಎರಡು ತೂತು ನನ್ನ ತಲೆ ಕೆಡಿಸಿಬಿಡ್ತು. ಇನ್ನು ಒಂದು ಗೀರೂ ಬೀಳಬಾರದು ಅಂತ ಶಪಥ ಮಾಡಿದೆ. ಇಡೀ ಗಾಡಿಗೆ ಪೇಂಟ್ ಪ್ರೊಟೆಕ್ಷನ್ ಫಿಲಂ, ಅಂದ್ರೆ ಪಿಪಿಎಫ್, ಹಾಕಿಸೋಕೆ ರೇಟು ಕೇಳಿದೆ. 6,400 ಡಾಲರ್. ಮುಂಭಾಗಕ್ಕೆ ಮಾತ್ರ ಆದ್ರೆ 1,900. ಮೂರು ವಾರ ಆದ್ಮೇಲೆ ಬನ್ನಿ ಅಂದ್ರು. ಮೂರು ವಾರದಲ್ಲಿ ಕಲ್ಲು ಹೊಡೆದ್ರೆ? ಅದಕ್ಕೇ ಕಾರನ್ನ ಅಪಾರ್ಟ್‌ಮೆಂಟಿನ ಶೆಡ್ಡಿನಲ್ಲಿ ನಿಲ್ಲಿಸಿ, ಸನ್ನಿವೇಲ್ ಸ್ಟೇಷನ್‌ವರೆಗೆ ಸೈಕಲ್ಲು, ಅಲ್ಲಿಂದ ಕ್ಯಾಲ್‌ಟ್ರೈನ್ ಹಿಡಿದು ಆಫೀಸಿಗೆ ಹೋಗೋಕೆ ಶುರು ಮಾಡಿದೆ. ರಾತ್ರಿ ಊಟ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ಕೊಂಡು ಬರೋದು. ನಗಬೇಡಿ.

ಒಂದು ಭಾನುವಾರ ಮೈಸೂರಿಂದ ಅಪ್ಪನ ಫೋನು.

"ಎಷ್ಟು ಓಡ್ತೋ ಗಾಡಿ?"

"ನಲವತ್ತೊಂದು ಮೈಲಿ."

"ದಿನಕ್ಕಾ?"

"ಇಲ್ಲ ಅಪ್ಪ, ಒಟ್ಟು."

"ಮತ್ತೆ ಆಫೀಸಿಗೆ?"

"ಟ್ರೈನಲ್ಲಿ..."

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ "ನಾನು ಮೊಪೆಡ್ಡಲ್ಲಿ ಹೋಗ್ತಿದ್ದೆ" ಅಂದು, ಅಮ್ಮನ ಕೈಗೆ ಫೋನ್ ಕೊಟ್ಟುಬಿಟ್ರು.

ಈ ಮಾತು ನಿಮಗೆ ಅರ್ಥ ಆಗ್ಬೇಕಾದ್ರೆ ನಮ್ಮ ಮನೆ ಯೆಜ್ಡಿ ಕತೆ ಹೇಳಬೇಕು.

ಅಪ್ಪ ಮದುವೆಗೆ ಮುಂಚೆ ಸಾಲ ಮಾಡಿ ತಗೊಂಡ ಗಾಡಿ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಫ್ಯಾಕ್ಟರಿಯ ಗಾಡಿ. ಕಿಕ್ ಹೊಡೆಯೋದಕ್ಕೂ ಗೇರ್ ಹಾಕೋದಕ್ಕೂ ಒಂದೇ ಲಿವರು, ಓಡಿಸಿದವರಿಗೆ ಗೊತ್ತಿರುತ್ತೆ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಇನ್ಮೇಲೆ ಸ್ಪೇರ್ ಸಿಗಲ್ಲ, ಗಾಡಿ ಹಾಳು ಮಾಡ್ಕೋಬಾರ್ದು ಅಂತ ಅಪ್ಪ ಆಫೀಸಿಗೆ ಹೋಗೋಕೆ ಸೆಕೆಂಡ್ ಹ್ಯಾಂಡ್ ಮೊಪೆಡ್ ತಗೊಂಡ್ರು. ಯೆಜ್ಡಿ ಮೇಲೆ ನೀಲಿ ಟಾರ್ಪಾಲು ಬಿತ್ತು. ನಾನು ಹುಟ್ಟಿದಾಗಿಂದ ನೋಡಿದ್ದು ಆ ಟಾರ್ಪಾಲನ್ನೇ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದು ಹೊರಗೆ ಬರೋದು, ಒರೆಸಿ, ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ರೌಂಡು. ಮತ್ತೆ ಟಾರ್ಪಾಲು.

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಹಟ ಹಿಡಿದು ಅದನ್ನ ಮೆಕ್ಯಾನಿಕ್ ಹತ್ರ ತಳ್ಕೊಂಡು ಹೋದೆ. ಹೊರಗೆ ಕನ್ನಡಿ ಥರ ಹೊಳೀತಿತ್ತು. ಟ್ಯಾಂಕ್ ಮುಚ್ಚಳ ತೆಗೆದ್ರೆ ಒಳಗೆ ಪದರ ಪದರ ತುಕ್ಕು. ಅರ್ಧ ಖಾಲಿ ಟ್ಯಾಂಕು, ಮೇಲೆ ಟಾರ್ಪಾಲಿನ ಒಳಗೇ ಕಟ್ಟಿಕೊಂಡ ತೇವ. ಇಂಜಿನ್ನಿನ ಸೀಲುಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ವು. ಮೆಕ್ಯಾನಿಕ್ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: "ಓಡ್ಸಿದ್ರೆ ಇಷ್ಟು ಹಾಳಾಗ್ತಿರ್ಲಿಲ್ಲ ಸಾರ್. ಇಟ್ಟಿದ್ದಕ್ಕೇ ಹಾಳಾಗಿದ್ದು." ರಿಪೇರಿ ಆಗಿ ಬರೋಷ್ಟರಲ್ಲಿ ಅಪ್ಪನ ಮಂಡಿ ಕಿಕ್ ಹೊಡೆಯೋಕೆ ಒಪ್ಪಲಿಲ್ಲ. ನಾನು ಕಿಕ್ ಹೊಡೆದು ಕೊಟ್ಟೆ. ಗೇಟಿನ ತನಕ ಹೋಗಿ ವಾಪಸ್ ಬಂದ್ರು. ಅಷ್ಟೇ.

ಆ ಫೋನ್ ಆದ್ಮೇಲೆ ಕೂತು ಯೋಚನೆ ಮಾಡಿದೆ. ಈಗ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಬೈಯಬಹುದು. ಹೊಸ ಗಾಡಿಯನ್ನ ರಕ್ಷಿಸೋದು ತಪ್ಪಲ್ಲ. ಆದ್ರೆ ಯಾವುದರಿಂದ ರಕ್ಷಿಸ್ತಿದೀವಿ ಅಂತ ಗೊತ್ತಿರಬೇಕು. ಕಲ್ಲಿನಿಂದಲೋ, ಬಿಸಿಲಿಂದಲೋ, ಹಕ್ಕಿ ಹಿಕ್ಕೆಯಿಂದಲೋ ಆದ್ರೆ ಸರಿ. ಓಡಿಸೋದರಿಂದಲೇ ರಕ್ಷಿಸೋಕೆ ಹೊರಟ್ರೆ ಆ ಗಾಡಿ ನಮ್ಮದಲ್ಲ.

ಒಂದೊಂದಾಗಿ ನೋಡೋಣ.

ಪಿಪಿಎಫ್: ಇದು ಪಾಲಿಯುರೆಥೇನ್ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳನ್ನ ಮರಳು, ಕಲ್ಲಿನಿಂದ ಕಾಪಾಡೋಕೆ ಬಂದ ಐಡಿಯಾ. ಕಾರಿನ ಮೇಲಿರೋ ಪಾರದರ್ಶಕ ಪದರ, ಕ್ಲಿಯರ್ ಕೋಟು, ಸುಮಾರು 40-50 ಮೈಕ್ರಾನ್ ದಪ್ಪ. ಈ ಫಿಲಂ ಹತ್ತಿರ ಹತ್ತಿರ 200 ಮೈಕ್ರಾನ್. ಹಾಗಾಗಿ ಲಾರಿ ಚಕ್ರದಿಂದ ಹಾರೋ ಕಲ್ಲಿಗೆ ನಿಜವಾಗಿ ಅಡ್ಡ ನಿಲ್ಲೋದು ಇದೇ. ಸಣ್ಣ ಗೀರು ಬಿಸಿಲಿಗೆ ತಾನೇ ಮುಚ್ಚಿಕೊಳ್ಳುತ್ತೆ. ಇದು ಸುಳ್ಳಲ್ಲ, ಬಿಸಿನೀರು ಹಾಕಿ ನೋಡಿದೀನಿ. ಫ್ಯಾಕ್ಟರಿ ಪೇಂಟು ಬೇಯಿಸಿದ್ದಾಗಿರೋದ್ರಿಂದ ಹೊಸ ಗಾಡಿಗೆ ಕಾಯದೇ ಹಾಕಿಸಬಹುದು. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಹೊಡೆಸಿದ್ದಾದ್ರೆ ಮಾತ್ರ ಒಣಗೋಕೆ ಬಿಡಬೇಕು. ಆದ್ರೆ ಕಲ್ಲು ಹೊಡೆಯೋದು ಎಲ್ಲಿಗೆ? ಬಂಪರು, ಬಾನೆಟ್ಟು, ಮುಂದಿನ ಫೆಂಡರು, ಕನ್ನಡಿ, ಹಿಂದಿನ ಚಕ್ರದ ಮುಂದಿನ ಭಾಗ. ಡಿಕ್ಕಿ ಮುಚ್ಚಳಕ್ಕೆ ಯಾರು ಕಲ್ಲು ಹೊಡೀತಾರೆ? ನನ್ನ ಕೆಂಪು ಬಣ್ಣ ಪದರ ಪದರವಾಗಿ ಹಚ್ಚಿರೋದು, ರಿಪೇರಿ ಮಾಡಿದ್ರೆ ಪಕ್ಕದ್ದಕ್ಕೆ ಹೊಂದಿಸೋದು ಕಷ್ಟ. ಅದಕ್ಕೇ ಮುಂಭಾಗಕ್ಕೆ ಮಾತ್ರ ಹಾಕಿಸಿದೆ. ಉಳಿದ 4,500 ಡಾಲರ್ ಜೇಬಿನಲ್ಲೇ ಉಳೀತು. ಒಂದು ಎಚ್ಚರಿಕೆ: ಫಿಲಂನ ಕಾರಿನ ಮೇಲೇ ಬ್ಲೇಡಿನಿಂದ ಕತ್ತರಿಸೋರ ಹತ್ರ ಹೋಗಬೇಡಿ. ಕಂಪ್ಯೂಟರಿನಲ್ಲಿ ಅಳತೆಗೆ ಕತ್ತರಿಸಿ ತರ್ತಾರಾ ಅಂತ ಮೊದಲೇ ಕೇಳಿ.

ಸೆರಾಮಿಕ್ ಕೋಟಿಂಗ್: ಇಲ್ಲೇ ಜಾಸ್ತಿ ಜನ ಮೋಸ ಹೋಗೋದು. ಇದು ಸಿಲಿಕಾ ಇರೋ ದ್ರವ, ಒಣಗಿದ್ಮೇಲೆ ತೀರಾ ತೆಳು ಪದರ. ನೀರು ಮುತ್ತಿನ ಹಾಗೆ ಜಾರುತ್ತೆ, ತೊಳೆಯೋದು ಸುಲಭ, ಹೊಳಪು ಚೆನ್ನಾಗಿರುತ್ತೆ. ಕಲ್ಲಿಗೆ ಏನೇನೂ ಪ್ರಯೋಜನ ಇಲ್ಲ. "9ಎಚ್ ಹಾರ್ಡ್‌ನೆಸ್, ವಜ್ರ 10" ಅಂತ ಮಾರೋರು ಹೇಳಿದ್ರೆ ನಂಬಬೇಡಿ. 9ಎಚ್ ಅನ್ನೋದು ಪೆನ್ಸಿಲ್ ಲೆಕ್ಕ, ವಜ್ರದ 10 ಮೋಹ್ಸ್ ಲೆಕ್ಕ. ಎರಡೂ ಬೇರೆ ಬೇರೆ ಅಳತೆಗೋಲು. ರೂಪಾಯಿಯನ್ನ ಕಿಲೋಮೀಟರಿಗೆ ಹೋಲಿಸಿದ ಹಾಗೆ.

ಕಾರ್ ಕವರ್: ಧೂಳು ಇರೋ ಗಾಡಿ ಮೇಲೆ ಕವರ್ ಎಳೆದ್ರೆ, ಗಾಳಿಗೆ ಅದು ಅಲ್ಲಾಡಿ ಮರಳು ಕಾಗದದ ಕೆಲಸ ಮಾಡುತ್ತೆ. ಒದ್ದೆ ಗಾಡಿ ಮೇಲೆ ಹಾಕಿದ್ರೆ, ಯೆಜ್ಡಿ ಕತೆ ಈಗಷ್ಟೇ ಹೇಳಿದೆ.

ಬಿಟ್ಟಿ ರಕ್ಷಣೆಗಳು: ಇವನ್ನ ಯಾರೂ ಮಾರಲ್ಲ, ಅದಕ್ಕೇ ಯಾರೂ ಹೇಳಲ್ಲ. ಬ್ರಷ್ ತಿರುಗೋ ಕಾರ್ ವಾಷಿಗೆ ಹೋಗಬೇಡಿ. ಹಿಂದಿನ ಗಾಡಿಯ ಮಣ್ಣು ನಿಮ್ಮ ಗಾಡಿಗೆ ಉಜ್ಜುತ್ತೆ. ಎರಡು ಬಕೆಟ್ ಇಟ್ಕೊಳಿ, ಒಂದು ಸೋಪಿನದ್ದು, ಒಂದು ಬಟ್ಟೆ ಜಾಲಿಸೋಕೆ. ಹಕ್ಕಿ ಹಿಕ್ಕೆ ಅವತ್ತೇ ನೆನೆಸಿ ಒರೆಸಿ. ನನ್ನಂಥ ಬಟ್ಟೆ ಟಾಪಿನ ಗಾಡಿಯಾದ್ರೆ, ಟಾಪಿನ ನೀರು ಇಳಿದುಹೋಗೋಕೆ ಸೀಟಿನ ಹಿಂದೆ ಎರಡೂ ಬದಿ ತೂತು ಇರುತ್ತೆ. ಮರದ ಕೆಳಗೆ ನಿಲ್ಲಿಸಿ ಅದರಲ್ಲಿ ಎಲೆ ತುಂಬಿದ್ರೆ ನೀರೆಲ್ಲ ಒಳಗೆ. 6,400 ಡಾಲರ್ ಫಿಲಂ ಹಾಕಿಸಿ ಇದನ್ನ ಮರೆತ್ರೆ ತುಕ್ಕು ಒಳಗಿಂದ ಬರುತ್ತೆ.

ಎಲ್ಲಕ್ಕಿಂತ ನನಗೆ ನಾಚಿಕೆ ಆಗಿದ್ದು ಮ್ಯಾನ್ಯುಯಲ್ ಓದಿದಾಗ. ಮೊದಲ 600 ಮೈಲಿ, ಅಂದ್ರೆ 1,000 ಕಿಲೋಮೀಟರು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡೀಬೇಡಿ, ಸುಮ್ಮನೆ ಗಕ್ಕನೆ ಬ್ರೇಕ್ ಹಾಕಬೇಡಿ ಅಂತಿದೆ. ನಿಲ್ಲಿಸಿಡಿ ಅಂತ ಎಲ್ಲೂ ಇಲ್ಲ!

ಇನ್ನು ಸಿಂಗಾರದ ವಿಷಯ. ಕಾರು ಬಂದ ವಾರದಲ್ಲೇ ದೊಡ್ಡ ವೀಲು, ಗುಡುಗೋ ಸೈಲೆನ್ಸರು, ನೆಲಕ್ಕೆ ತಾಗೋ ಸ್ಪ್ರಿಂಗು ಅಂತ ಆರ್ಡರ್ ಮಾಡೋ ಗೆಳೆಯರಿದ್ದಾರೆ. ನನ್ನ ಸಲಹೆ: ಮೊದಲು ಆರು ತಿಂಗಳು ಇದ್ದ ಹಾಗೇ ಓಡಿಸಿ. ಏನು ಬೇಕು ಅಂತ ಗಾಡಿಯೇ ಹೇಳುತ್ತೆ. ಒಂದು ಟನ್ನಿನ ಆಸುಪಾಸಿನ ಗಾಡಿಗೆ ಭಾರದ ದೊಡ್ಡ ವೀಲ್ ಹಾಕಿದ್ರೆ ಚೆಲುವು ಬರಬಹುದು, ಚುರುಕು ಹೋಗುತ್ತೆ. ಫ್ಯಾಕ್ಟರಿ ಟೈರು ಸವೆದಾಗ ಒಳ್ಳೇ ಟೈರ್ ಹಾಕಿಸೋದಕ್ಕಿಂತ ದೊಡ್ಡ ಮಾಡಿಫಿಕೇಷನ್ ಇಲ್ಲ. ಇಲ್ಲಿ ಸೈಲೆನ್ಸರ್ ಸದ್ದಿಗೆ 95 ಡೆಸಿಬೆಲ್ ಮಿತಿ, ಮುಂದಿನ ಬಾಗಿಲಿನ ಗಾಜಿನಲ್ಲಿ 70 ಶೇಕಡಾ ಬೆಳಕು ಹಾಯಬೇಕು. ವಾರಂಟಿ ಹೋಗುತ್ತೆ ಅಂತ ಹೆದರಿಸೋರಿಗೆ ಒಂದು ಮಾತು: 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ಹೊರಗಿನ ಪಾರ್ಟ್ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡೋ ಹಾಗಿಲ್ಲ, ಆ ಪಾರ್ಟಿನಿಂದಲೇ ಕೆಟ್ಟಿತು ಅಂತ ತೋರಿಸಬೇಕು.

ಬೆಂಗಳೂರಿನ ಗೆಳೆಯ "ಮಗಾ, ನಮಗೂ ಹೇಳು" ಅಂದ. ನಮ್ಮಲ್ಲಿ ಲೆಕ್ಕ ಇನ್ನೂ ಬಿಗಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಹೇಳಿದೆ. ಗಾಜಿಗೆ ಮುಂದೆ ಹಿಂದೆ 70, ಪಕ್ಕದಲ್ಲಿ 50 ಶೇಕಡಾ ಬೆಳಕು. ಬಣ್ಣ ಬದಲಾಯಿಸಿದ್ರೆ ಆರ್‌ಸಿಯಲ್ಲೂ ಬದಲಾಗಬೇಕು. ಬಣ್ಣವಿಲ್ಲದ ಪಿಪಿಎಫ್‌ಗೆ ಆ ತಲೆನೋವಿಲ್ಲ.

ನಾನು ಮಾಡಿಸಿದ ಸಿಂಗಾರ ಒಂದೇ. ಚನ್ನಪಟ್ಟಣದಲ್ಲಿ ಕಡೆಸಿ ತರಿಸಿದ ಅರಗಿನ ಬಣ್ಣದ ಗೇರ್ ನಾಬು. ತೆರೆದ ಟಾಪು, ಬಿಸಿಲಿಗೆ ಅರಗು ಮೆತ್ತಗಾದ್ರೆ ಅಂತ ಮೊದಲು ಡಬ್ಬಿಯಲ್ಲೇ ಇಟ್ಟಿದ್ದೆ. (ನೋಡಿದ್ರಾ, ರಕ್ತದಲ್ಲೇ ಇದೆ!) ಈಗ ಹಾಕಿದೀನಿ. ಕೈ ಬೆವರಿಗೆ ಹೊಳಪು ಸ್ವಲ್ಪ ಮಾಸಿದೆ.

"ರೀಸೇಲ್ ವ್ಯಾಲ್ಯೂ?" ಅಂತ ಆಫೀಸಿನವರು ಕೇಳ್ತಾರೆ. ನಾನು ಎಚ್1ಬಿ ಮೇಲಿರೋನು. ಆರು ವರ್ಷದ ಲೆಕ್ಕ, ಅದರಲ್ಲಿ ಮೂರು ಮುಗಿದಿದೆ. 2023ರಲ್ಲಿ ನಮ್ಮ ಟೀಮಿನ ಇಬ್ಬರು ಕೆಲಸ ಹೋಗಿ ಅರವತ್ತೇ ದಿನದಲ್ಲಿ ಗಂಟುಮೂಟೆ ಕಟ್ಟಿದ್ರು. ಅದರಲ್ಲೊಬ್ಬನ ಕಾರಿನ ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರು ಮಾರೋ ದಿನದ ತನಕ ಹಾಗೇ ಇತ್ತು. ಕೊಂಡವನು ನಿಂತ ಜಾಗದಲ್ಲೇ ಪರ್ ಅಂತ ಹರಿದು ಕಸದ ಬುಟ್ಟಿಗೆ ಎಸೆದ. ಯಾರಿಗೋ ಗೊತ್ತಿಲ್ಲದವನಿಗೆ ನಾನು ಯಾಕೆ ಹೊಸ ಕಾರು ಕಾಪಾಡಿಡಬೇಕು?

ಫಿಲಂ ಹಾಕಿಸಿದ ಮಾರನೇ ಶನಿವಾರವೇ ಟಾಪು ಬಿಚ್ಚಿ ಸ್ಕೈಲೈನ್ ರಸ್ತೆ ಹತ್ತಿದೆ. ಒಂದು ಕಡೆ ಬೇ, ಇನ್ನೊಂದು ಕಡೆ ಪೆಸಿಫಿಕ್, ಮಧ್ಯೆ ರೆಡ್‌ವುಡ್ ಮರಗಳು. ಕೆಳಗಿಳಿದು 101ರಲ್ಲಿ ಬರೋವಾಗ ಟಪ್ ಅಂತ ಒಂದು ಕಲ್ಲು. ಎಲ್ಲಿಗೆ ಅಂತೀರಾ? ಫಿಲಂ ಹಾಕಿಸದ ಗಾಜಿನ ಮೇಲಿನ ಅಂಚಿಗೆ! ಅಕ್ಕಿ ಕಾಳಿನಷ್ಟು ಬಣ್ಣ ಎದ್ದಿದೆ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಎರಡು ದಿನ ಆದ್ಮೇಲೆ ಟಚ್-ಅಪ್ ಪೇಂಟಿನ ಒಂದು ಹನಿ ಇಟ್ಟೆ. ಹತ್ತಿರ ಹೋದ್ರೆ ಕಾಣುತ್ತೆ. ಕಾಣ್ಲಿ.

ಮೊನ್ನೆ ಅಪ್ಪ ಮತ್ತೆ ಕೇಳಿದ್ರು. "ಎಷ್ಟು ಓಡ್ತೋ?" 3,870 ಮೈಲಿ ಅಂದೆ. "ಪರವಾಗಿಲ್ಲ" ಅಂದ್ರು. ನಮ್ಮ ಅಪ್ಪನ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು. ಬೇಸಿಗೆಗೆ ಇಬ್ಬರೂ ಬರ್ತಿದ್ದಾರೆ. ಎರಡೇ ಸೀಟು ಇರೋದು, ಅಮ್ಮ ಮೊದಲಾ ಅಪ್ಪ ಮೊದಲಾ ಅಂತ ಈಗಲೇ ಜಗಳ ಶುರುವಾಗಿದೆ.

ನಿಮ್ಮ ಮನೆಯಲ್ಲೂ ಒಂದು ಯೆಜ್ಡಿ, ಒಂದು ಕವರ್ ತೆಗೆಯದ ಸೋಫಾ, ಪ್ಲಾಸ್ಟಿಕ್ ಸುತ್ತಿದ ಟಿವಿ ರಿಮೋಟು ಇದ್ದೇ ಇರುತ್ತೆ. ಕಾಮೆಂಟಿನಲ್ಲಿ ಬರೀರಿ. ಬರೆಯೋ ಮುಂಚೆ ಕವರ್ ಕಿತ್ತು ಎಸೆದು ಬಂದ್ರೆ ಇನ್ನೂ ಸಂತೋಷ :-)