ಚೀಸ್ ಅಂದರೆ ಯಾತರದ್ದು?



ಮನೆಗೆ ಬಂದವರಿಗೆ ಹೊಸ ರುಚಿಯೊಂದನ್ನು ಉಣಬಡಿಸಬೇಕೆಂಬ ಹಂಬಲ ಗೃಹಿಣಿಯರಿಗೆ ಸಹಜವಾದುದು. ಸುಟ್ಟ ಬೆಳ್ಳುಳ್ಳಿಗೆ ಚೀಸ್ ಬೆರೆಸಿ ಮಾಡುವ, ಅದ್ದಿಕೊಂಡು ತಿನ್ನುವ 'ಡಿಪ್' ಎಂಬ ವ್ಯಂಜನವನ್ನು ಈಚೆಗೆ ನಾವೂ ಸಿದ್ಧಪಡಿಸಿದೆವು. ವಿದೇಶದಿಂದ ಬಂದ ಬಂಧುಗಳು ತಂದಿದ್ದ ಪಾರ್ಮೆಸಾನ್ ಚೀಸ್ ಅದಕ್ಕೆ ಒದಗಿತು. ಅತಿಥಿಗಳಲ್ಲಿ ಹಿರಿಯರಾದ ತಾಯಿಯೊಬ್ಬರು ರೊಟ್ಟಿಯ ತುಣುಕನ್ನು ಕೈಯಲ್ಲಿ ಹಿಡಿದು, "ಚೀಸ್ ಅಂದ್ರ ಯಾತರದ್ದವಾ?" ಎಂದು ಕೇಳಿದರು. "ಹಾಲಿಂದರೀ ಅಮ್ಮಾರ" ಎಂದೆವು. ಅವರು ನಂಬಿ ಸೇವಿಸಿದರು.

ಅವರು ಹೋದ ಬಳಿಕ ಪೊಟ್ಟಣವನ್ನು ಓದಿದಾಗ ನಮ್ಮ ಉತ್ತರ ಅರ್ಧಸತ್ಯವೆಂದು ತಿಳಿದು ಮನಸ್ಸು ಕುಗ್ಗಿತು. ಚೀಸ್ ಮಾಡಲು ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಎಂಬ ಪದಾರ್ಥವನ್ನು ಹಿಂದಿನಿಂದಲೂ ಎಳೆಗರುವಿನ ಜಠರದಿಂದ ತೆಗೆಯುತ್ತ ಬಂದಿದ್ದಾರೆ. ಇಟಲಿಯ ಅಸಲು ಪಾರ್ಮೆಸಾನ್ ಚೀಸಿಗೆ ಇಂದಿಗೂ ಅದನ್ನೇ ಬಳಸಬೇಕೆಂಬ ನಿಯಮವಿದೆ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಚೀಸೂ ಈಗ ಹೇರಳವಾಗಿ ದೊರೆಯುತ್ತದೆ. ನಮ್ಮ ದೇಶದ ಪೊಟ್ಟಣಗಳ ಮೇಲೆ ಹಸಿರು ಚೌಕದೊಳಗೆ ಹಸಿರು ಬೊಟ್ಟು ಇದ್ದರೆ ಅದು ಸಸ್ಯಾಹಾರ. ಹೊರದೇಶದಿಂದ ಕೈಯಲ್ಲಿ ತಂದ ಪೊಟ್ಟಣದಲ್ಲಿ ಈ ಗುರುತು ಇರಲಾರದು. ಬರಿಯ 'ರೆನೆಟ್' ಎಂದಷ್ಟೇ ಇದ್ದರೆ ಬಳಸದಿರುವುದೇ ಲೇಸು.

ಮರುದಿನ ಆ ತಾಯಿಯವರ ಮನೆಗೆ ಹೋಗಿ ನಿಜವನ್ನು ಅರಿಕೆ ಮಾಡಿಕೊಂಡೆವು. ಅವರು ಕೆಲಹೊತ್ತು ಸುಮ್ಮನಿದ್ದು, "ತಿಳೀಲಾರದ ಆಗೇತಿ. ಇನ್ನ ಮ್ಯಾಲ ಓದಿ ಮಾಡ್ರಿ" ಎಂದರು. ಆ ಮಾತನ್ನು ಪಾಲಿಸಿ, ಈಗ ನಾವು ಮಾಡುವ ಕ್ರಮ ಹೀಗಿದೆ:

ಒಂದು ಲೀಟರ್ ಹಾಲನ್ನು ಕುದಿಸಿ, ಎರಡು ದೊಡ್ಡ ಚಮಚ ನಿಂಬೆರಸದಿಂದ ಒಡೆಸಿ, ಬಟ್ಟೆಯಲ್ಲಿ ಸೋಸಿದರೆ ಮೆತ್ತನೆಯ ಪನೀರ್ ದೊರೆಯುತ್ತದೆ. ಇದಕ್ಕೆ ರೆನೆಟ್ಟಿನ ಹಂಗಿಲ್ಲ. ಎರಡು ಗಡ್ಡೆ ಬೆಳ್ಳುಳ್ಳಿಯ ಎಸಳುಗಳನ್ನು ಸಿಪ್ಪೆ ಸಹಿತ ದಪ್ಪ ತಳದ ಬಾಣಲೆಯಲ್ಲಿಟ್ಟು, ಒಂದು ಚಮಚ ಎಣ್ಣೆ ಸವರಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ಹೊರಳಿಸುತ್ತ ಸುಮಾರು 25 ನಿಮಿಷ ಬೇಯಿಸಬೇಕು. ಹಸಿ ಬೆಳ್ಳುಳ್ಳಿಯನ್ನು ಜಜ್ಜಿದಾಗಲೇ ಅದರ ಖಾರ ಹುಟ್ಟುತ್ತದೆ. ಇಡಿಯಾಗಿ ಬೇಯಿಸಿದರೆ ಆ ಖಾರ ಅಡಗಿ ಸಿಹಿ ಮೂಡುತ್ತದೆ. ಮೆತ್ತಗಾದ ತಿರುಳನ್ನು ಹಿಂಡಿ ತೆಗೆದು, ಪನೀರ್, ಹಸಿರು ಗುರುತಿನ 50 ಗ್ರಾಂ ಚೀಸಿನ ತುರಿ, ಎರಡು ಚಮಚ ಗಟ್ಟಿ ಮೊಸರು, ಮೆಣಸಿನ ಪುಡಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಕಟಕ ರೊಟ್ಟಿ, ಸೌತೆಕಾಯಿ, ಗಜ್ಜರಿಯೊಡನೆ ಬಡಿಸಬಹುದು. ಉಳಿದುದನ್ನು ಕೂಡಲೇ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಬೇಕು.

ಬೆಳ್ಳುಳ್ಳಿಯನ್ನು ವರ್ಜಿಸಿದವರೂ ನಮ್ಮ ಹಿರಿಯರಲ್ಲಿ ಉಂಟು. ಆದುದರಿಂದ ಬಡಿಸುವ ಮೊದಲೇ ಒಳಗೇನಿದೆ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಅತಿಥಿಯು ನಮ್ಮ ಮನೆಯಲ್ಲಿ ಉಣ್ಣುವುದು ನಮ್ಮನ್ನು ನಂಬಿ. ಆ ನಂಬಿಕೆಯನ್ನು ಉಳಿಸಿಕೊಂಡರೆ ಮಾತ್ರ ನಾವು ನೀಡಿದ ತುತ್ತು ದಾಸೋಹವೆನಿಸೀತು.