ಮಂಜುಗಡ್ಡೆಯ ಮೇಲಿನ ಡೇರೆಯೊಳಗೆ ಗ್ಯಾಸ್ ಲಾಂದ್ರ ಬೇಡ
ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದಲ್ಲಿ ವಾಲೈ ಮೀನು ಹೆಚ್ಚಾಗಿ ಗಾಳಕ್ಕೆ ಬೀಳುವುದು ಮುಸ್ಸಂಜೆಗೆ. ಜನವರಿ ಮೊದಲಲ್ಲಿ 5.30ಕ್ಕೆಲ್ಲ ಕತ್ತಲು. ಹಾಗಾಗಿ ಹೆಪ್ಪುಗಟ್ಟಿದ ನೀರಿನ ಮೇಲೆ ಮಡಚುವ ಡೇರೆ ಹಾಕಿ ಮೀನು ಹಿಡಿಯುವವರಿಗೆ ದೀಪ ಬೇಕೇ ಬೇಕು. ಇಲ್ಲಿ ನೆಲೆಸಿ ಈ ಹವ್ಯಾಸ ಹಿಡಿದ ಕನ್ನಡಿಗ ಗೆಳೆಯರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ಪ್ರೊಪೇನ್ ಲಾಂದ್ರ ಬಿಡಿ.

ಅದು ಬೆಳಕಿನ ಜೊತೆ ಬಿಸಿಯನ್ನೂ ಕೊಡುತ್ತದೆ, ನಿಜ. ಮೈನಸ್ 20 ಡಿಗ್ರಿಯಲ್ಲಿ ಆ ಬಿಸಿಯ ಆಸೆ ನನಗೂ ಗೊತ್ತು. ಆದರೆ ಮುಚ್ಚಿದ ಡೇರೆಯೊಳಗೆ ಉರಿ ಆಮ್ಲಜನಕ ಹೀರುತ್ತದೆ, ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಚಳಿಯಿಂದ ಬಂದದ್ದು ಅಂದುಕೊಂಡು ಕೂತೇ ಇದ್ದರೆ ಜೀವವೇ ಹೋದೀತು.

ಲಾಂದ್ರದ ಬದಲು 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಡೇರೆಯ ಕಡ್ಡಿಗಳಿಗೆ ಕಟ್ಟಿ. 5 ವ್ಯಾಟ್ ಧಾರಾಳ. 7 ಆಂಪಿಯರ್-ಅವರ್ ಬ್ಯಾಟರಿ ಚಳಿಗೆ ಅರ್ಧ ಶಕ್ತಿ ಕಳೆದುಕೊಂಡರೂ 8 ಗಂಟೆ ಬೆಳಕು ಸಿಗುತ್ತದೆ. ಲಿಥಿಯಂ ಬ್ಯಾಟರಿ ಹಗುರ. ಆದರೆ ಕೊರೆಯುವಷ್ಟು ತಣ್ಣಗಿರುವಾಗ ಚಾರ್ಜ್ ಮಾಡಿದರೆ ಕೆಡುತ್ತದೆ, ಮನೆಯಲ್ಲಿ ಬೆಚ್ಚಗಾಗಲು ಬಿಡಿ. ಬಿಸಿಗೆಂದು ಹೀಟರ್ ಹಚ್ಚುವವರು ಡೇರೆಯ ಕಿಂಡಿ ತೆರೆದಿಟ್ಟು, ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ತೂಗುಹಾಕಿ. ಮಕ್ಕಳನ್ನು ಕರೆದೊಯ್ಯುವ ಅಪ್ಪ-ಅಮ್ಮಂದಿರಂತೂ ಅದಿಲ್ಲದೆ ಸರೋವರದ ಮೇಲೆ ಕಾಲಿಡಲೇಬಾರದು.